ಅಡ್ಮಿನ್ ಸಿಬ್ಬಂದಿಯ ದಿನಕ್ಕೆ ಏನು ಕೊಡುವುದು? ಅನುಭವ ಇದ್ದವರು ಹೇಳಿ

ನ್ಯೂಜೆರ್ಸಿಯಿಂದ ಕೇಳುತ್ತಿದ್ದೇನೆ. ಈ ವರ್ಷ ಮ್ಯಾನೇಜರ್ ಆಗಿದ್ದೇನೆ. ನಮ್ಮ ತಂಡದ ಅಡ್ಮಿನ್ ಅಸಿಸ್ಟೆಂಟ್ ನನಗಿಂತ ವಯಸ್ಸಿನಲ್ಲಿ ತುಂಬಾ ದೊಡ್ಡವರು. ಏಪ್ರಿಲ್‌ನಲ್ಲಿ ಅಡ್ಮಿನಿಸ್ಟ್ರೇಟಿವ್ ಪ್ರೊಫೆಷನಲ್ಸ್ ಡೇ ಇದೆ, ಏನಾದರೂ ಮಾಡಿ ಎನ್ನುತ್ತಾರೆ. ಹೂವು, ಒಂದು ಊಟ ಸಾಕಾ?

ಡಲ್ಲಾಸ್‌ನಿಂದ:
ಅಕ್ಕ, ಇಲ್ಲಿಗೆ ಬಂದಾಗಿನಿಂದ ನಾನು ಇದೇ ಕೆಲಸದಲ್ಲಿದ್ದೇನೆ. ಮೊದಲು ಶಾಲೆಯ ಫ್ರಂಟ್ ಆಫೀಸು, ಈಗ ಇಂಜಿನಿಯರಿಂಗ್ ಕಂಪನಿ. ಹೂವು ಬೇಡ ಎನ್ನುವುದಿಲ್ಲ. ಆದರೆ ಊಟಕ್ಕೆ ಕರೆದುಕೊಂಡು ಹೋಗುವುದಾದರೆ ಅದರ ಏರ್ಪಾಡನ್ನು ಅವರ ತಲೆಗೇ ಕಟ್ಟಬೇಡಿ. ಹಿಂದಿನ ಒಂದು ಆಫೀಸಿನಲ್ಲಿ ನನಗಾಗಿ ಇಟ್ಟ ಊಟಕ್ಕೆ ಟೇಬಲ್ ಬುಕ್ ಮಾಡಿದ್ದು ನಾನೇ. ಯಾರ್ಯಾರು ಬರುತ್ತಾರೆ ಎಂದು ಎಲ್ಲರನ್ನೂ ಕೇಳಿದ್ದೂ ನಾನೇ, ಬಿಲ್ಲನ್ನು ಎಕ್ಸ್‌ಪೆನ್ಸ್ ರಿಪೋರ್ಟಿಗೆ ಹಾಕಿದ್ದೂ ನಾನೇ. ವಾಪಸ್ ಬಂದರೆ ಫೋನ್ ಮೆಸೇಜುಗಳು ಹಾಗೇ ಕಾದಿದ್ದವು, ಸಂಜೆ ತಡವಾಗಿ ಮನೆಗೆ ಹೋದೆ. ನಿಜಕ್ಕೂ ಬೇಜಾರಾಯಿತು.

ಹಾಗಾಗಿ ಆ ಹೊತ್ತಿಗೆ ಡೆಸ್ಕ್ ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲೇ ಗೊತ್ತು ಮಾಡಿ. ಬೇರೊಂದು ದಿನ ಅವರಿಗೆ ಅರ್ಧ ದಿನ ರಜೆ ಕೊಟ್ಟು ನೀವೇ ಆ ಕುರ್ಚಿಯಲ್ಲಿ ಕೂತರೆ ಇನ್ನೂ ಒಳ್ಳೆಯದು. ಎಷ್ಟು ಜನ ಏನೇನು ಕೇಳಿಕೊಂಡು ಬರುತ್ತಾರೆ ಎಂದು ನಿಮಗೂ ತಿಳಿಯುತ್ತದೆ.

ನನಗೆ ಸಿಕ್ಕ ಒಳ್ಳೆಯ ಉಡುಗೊರೆ ಒಂದು ಪತ್ರ. ಸುಮ್ನೆ ‘ಥ್ಯಾಂಕ್ಸ್ ಫಾರ್ ಎವೆರಿಥಿಂಗ್’ ಅಲ್ಲ. ಆಡಿಟ್ ವಾರದಲ್ಲಿ ಹಳೆಯ ಕಾಂಟ್ರ್ಯಾಕ್ಟ್ ಹುಡುಕಿಕೊಟ್ಟಿದ್ದು, ಹೊಸಬರಿಗೆಂದು ಚೆಕ್‌ಲಿಸ್ಟ್ ಮಾಡಿದ್ದು, ಎಲ್ಲವನ್ನೂ ಬಿಡಿಸಿ ಬರೆದಿದ್ದರು. ಒಂದು ಪ್ರತಿ ಎಚ್‌ಆರ್‌ಗೂ ಹೋಗಿತ್ತು. ಸಂಬಳದ ಮಾತು ಬಂದಾಗ ಅದೇ ನನ್ನ ಕೈ ಹಿಡಿಯಿತು.

ಬಾಸ್ಟನ್‌ನಿಂದ:
ಸಂಬಳದ ಮಾತು ಬಂತಲ್ಲ, ಈ ಊರಿನದೊಂದು ವಿಷಯ ಹೇಳಲೇಬೇಕು. 1973ರಲ್ಲಿ ಇಲ್ಲಿನ ಆಫೀಸು ಕೆಲಸದ ಹೆಂಗಸರು ‘ನೈನ್ ಟು ಫೈವ್’ ಎಂಬ ಸಂಘಟನೆ ಕಟ್ಟಿದರು. ‘ಗುಲಾಬಿ ಬೇಡ, ಸಂಬಳ ಹೆಚ್ಚಿಸಿ’ ಎಂಬುದು ಅವರ ಘೋಷಣೆ. ನೀವು ಮ್ಯಾನೇಜರ್. ಗುಲಾಬಿ ಯಾರು ಬೇಕಾದರೂ ಕೊಡಬಹುದು, ಸಂಬಳ ಹೆಚ್ಚಿಸಿ ಎಂದು ಮೇಲಿನವರಿಗೆ ಬರೆಯುವ ಅವಕಾಶ ನಿಮಗೇ ಇದೆ, ಅಲ್ವಾ? ದಿನಾಂಕ ಗೊತ್ತಿರಲಿ: ಏಪ್ರಿಲ್‌ನ ಕೊನೆಯ ಪೂರ್ತಿ ವಾರದ ಬುಧವಾರ. 2026ರಲ್ಲಿ ಅದು 22.

ಚಿಕಾಗೋದಿಂದ, ಪೇರೋಲ್ ಕೆಲಸ:
ಕಂಪನಿ ದುಡ್ಡಿನಲ್ಲಿ ಗಿಫ್ಟ್ ಕಾರ್ಡ್ ಕೊಡುವ ಮುಂಚೆ ಪೇರೋಲ್‌ನವರಿಗೆ ಹೇಳಿ. ಮೊತ್ತ ಎಷ್ಟೇ ಚಿಕ್ಕದಿರಲಿ, ಇಲ್ಲಿ ಅದು ನಗದಿನ ಹಾಗೆಯೇ, ಸಂಬಳಕ್ಕೆ ಸೇರಿ ತೆರಿಗೆ ಬೀಳುತ್ತದೆ. ಹೂವು, ಹಣ್ಣು, ಪುಸ್ತಕದಂಥ ಸಣ್ಣ ಉಡುಗೊರೆಗೆ ಈ ತೊಂದರೆ ಇಲ್ಲ.

ಬೆಂಗಳೂರಿನಿಂದ:
ಅಮೆರಿಕದ ಕಂಪನಿಯ ಇಲ್ಲಿನ ಶಾಖೆಯಲ್ಲಿದ್ದಾಗ ನಮಗೂ ಇದು ಬಂದಿತ್ತು ಮೇಡಂ. ರಿಸೆಪ್ಷನ್‌ನಲ್ಲಿದ್ದ ಹುಡುಗಿಯರಿಗೆಲ್ಲ ಕೇಕು, ಹೂವು. ಕ್ಯಾಬು, ವಿಸಿಟರ್ ಪಾಸು, ಸ್ಟೇಷನರಿ ಎಲ್ಲ ನೋಡಿಕೊಳ್ಳುತ್ತಿದ್ದ ನಮ್ಮ ಅಡ್ಮಿನ್ ಸರ್ ಅವರನ್ನು ಯಾರೂ ಕರೆಯಲಿಲ್ಲ. ಅವರು ಏನೂ ಹೇಳಲಿಲ್ಲ, ನಮಗೇ ಸಂಕಟವಾಯಿತು. ಗಂಡಸರು, ಕಾಂಟ್ರ್ಯಾಕ್ಟ್ ಮೇಲೆ ಇರುವವರು, ಸಂಜೆ ಪಾಳಿಯವರು ಬಿಟ್ಟು ಹೋಗದ ಹಾಗೆ ಮೊದಲೇ ಪಟ್ಟಿ ನೋಡಿ.

ಡಲ್ಲಾಸ್‌ನಿಂದ ಮತ್ತೆ:
ಇನ್ನೊಂದು ನೆನಪಾಯಿತು ಅಕ್ಕ. ನಮ್ಮ ಕೆಲಸಕ್ಕೆ ಸಿಎಪಿ (ಸರ್ಟಿಫೈಡ್ ಅಡ್ಮಿನಿಸ್ಟ್ರೇಟಿವ್ ಪ್ರೊಫೆಷನಲ್) ಎಂಬ ಪರೀಕ್ಷೆ ಇದೆ, ಐಎಎಪಿ ಎಂಬ ಅಡ್ಮಿನ್ ಸಿಬ್ಬಂದಿಯ ಸಂಘದವರು ನಡೆಸುತ್ತಾರೆ. ನಿಮ್ಮ ಅಸಿಸ್ಟೆಂಟ್‌ಗೆ ಆಸಕ್ತಿ ಇದೆಯಾ ಎಂದು ಮೆಲ್ಲಗೆ ಕೇಳಿ. ಇದ್ದರೆ ಫೀಸು ಕಂಪನಿ ಕಟ್ಟುತ್ತದಾ, ಓದಲು ಕೆಲಸದ ಸಮಯ ಕೊಡುತ್ತದಾ ವಿಚಾರಿಸಿ. ಇನ್ನೇನು ರಿಟೈರ್ ಆಗುವ ಯೋಚನೆ ಇದ್ದರೆ ಒತ್ತಾಯ ಬೇಡ.