ಹವಳದ ದಿಬ್ಬ, ಮಳೆಕಾಡು, ಮರಳುಗಾಡು: ಡಿಸೆಂಬರ್‌ನಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡ್‌ಗೆ ಹೋಗಬಹುದೇ?

ಕೇಳಿದವರು, ಕಲಬುರಗಿ
ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಓದುತ್ತಿರುವ ಮಗನಿಗೆ ಡಿಸೆಂಬರ್‌ನಲ್ಲಿ ಮಾತ್ರ ರಜೆ. ಹದಿನೈದು ದಿನಗಳಲ್ಲಿ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬ, ಡೇನ್‌ಟ್ರೀ ಮಳೆಕಾಡು, ಒಳನಾಡಿನ ಮರಳುಗಾಡು ಮೂರನ್ನೂ ನೋಡಲು ಸಾಧ್ಯವೇ? ಹೋಗಿ ಬಂದವರು ದಯವಿಟ್ಟು ಅನುಭವ ತಿಳಿಸಿ.

ನಿವೃತ್ತ ಬ್ಯಾಂಕ್ ನೌಕರ, ಬೀದರ್
ನಾವು 2023ರ ಡಿಸೆಂಬರ್‌ನಲ್ಲಿಯೇ ಹೋಗಿದ್ದೆವು. 13ರಂದು ಜಾಸ್ಪರ್ ಚಂಡಮಾರುತ ದಡ ದಾಟಿತು. ಗಾಳಿ ಹೆಚ್ಚು ಹಾನಿ ಮಾಡದೆ ಹೋಯಿತೆಂದು ನಾವು ಉಸಿರು ಬಿಡುವಷ್ಟರಲ್ಲಿ ಮಳೆ ಹಿಡಿದುಕೊಂಡು ದಿನಗಟ್ಟಲೆ ಸುರಿಯಿತು. ನಾವಿದ್ದ ಕರಾವಳಿಯ ಕೇರ್ನ್ಸ್ ನಗರದ ವಿಮಾನ ನಿಲ್ದಾಣಕ್ಕೆ ನೀರು ನುಗ್ಗಿತು, ಡೇನ್‌ಟ್ರೀ ಕಡೆಯ ರಸ್ತೆ ಗುಡ್ಡ ಕುಸಿದು ಮುಚ್ಚಿತು. ದೋಣಿಯವರು ಹಣ ಹಿಂದಿರುಗಿಸಿದರು, ಆದರೆ ಕಾಡಿನ ವಸತಿಗೆ ಕಟ್ಟಿದ್ದ 640 ಆಸ್ಟ್ರೇಲಿಯನ್ ಡಾಲರ್ ಮರಳಿ ಬರಲಿಲ್ಲ. ಕೇರ್ನ್ಸ್‌ನಲ್ಲಿ ಹೆಚ್ಚುವರಿಯಾಗಿ ನಾಲ್ಕು ರಾತ್ರಿ, ರಾತ್ರಿಗೆ 210ರಂತೆ 840 ಡಾಲರ್ ಕೊಟ್ಟೆವು. ಒಟ್ಟು 1,480 ಡಾಲರ್, ಅಂದಿನ ದರದಲ್ಲಿ ಸುಮಾರು 83,000 ರೂಪಾಯಿ. ನಾನು ಪ್ರವಾಸ ವಿಮೆ ಕೊಂಡಿದ್ದು 6ನೇ ತಾರೀಖು, ಚಂಡಮಾರುತಕ್ಕೆ ಹೆಸರಿಟ್ಟದ್ದು ಅದರ ಹಿಂದಿನ ದಿನ. ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಚಂಡಮಾರುತಕ್ಕೆ ಅನ್ವಯಿಸುವುದಿಲ್ಲವೆಂಬ ಒಂದು ಸಾಲನ್ನು, ಮೂವತ್ತೆರಡು ವರ್ಷ ಸಾಲದ ಕಾಗದಗಳನ್ನೇ ಓದಿದ ನಾನು, ಓದದೆ ಬಿಟ್ಟಿದ್ದೆ. ಆ ನೋವು ಇಂದಿಗೂ ಆರಿಲ್ಲ.

ಶಿಕ್ಷಕಿ, ಕಲಬುರಗಿ
ಮಳೆಗಾಲದಲ್ಲಿ ಹೋಗಿ ಊರನ್ನು ದೂರುವುದು ಸರಿಯಲ್ಲ. ನಾನು ಹನ್ನೆರಡು ದಿನದ ಸಂಬಳ ಕಳೆದುಕೊಂಡು ಆಗಸ್ಟ್‌ನಲ್ಲಿ ಹೋದೆ, ಅದಕ್ಕಾಗಿ ಎಂದೂ ಪಶ್ಚಾತ್ತಾಪ ಪಟ್ಟಿಲ್ಲ. ನವೆಂಬರ್‌ನಿಂದ ಮೇವರೆಗೆ ದಡದ ನೀರಿನಲ್ಲಿ ಬಾಕ್ಸ್ ಜೆಲ್ಲಿಫಿಶ್ ಇರುತ್ತದೆ. ಕುಟುಕಿದರೆ ಸುರಿಯಲೆಂದು ಕಡಲತೀರದಲ್ಲೇ ವಿನೆಗರ್ ಬಾಟಲಿ ಇಟ್ಟಿರುತ್ತಾರೆ. ಹೊರದಿಬ್ಬಕ್ಕೆ ಹೋಗುವ ದೋಣಿಯಲ್ಲಿ ನಾನು ಮೂರು ಬಾರಿ ವಾಂತಿ ಮಾಡಿಕೊಂಡೆ, ಏಕೆಂದರೆ ಮಾತ್ರೆಯನ್ನು ಹೊರಡುವ ಮೊದಲು ನುಂಗುವ ಬದಲು ಹೊಟ್ಟೆ ತೊಳಸಿದ ಮೇಲೆ ನುಂಗಿದ್ದೆ. ಆದರೆ ನೀರಿಗಿಳಿದು ಮುಖ ಮುಳುಗಿಸಿದಾಗ ಕಟಕಟ ಸದ್ದು ಕೇಳಿತು. ಗಿಳಿಮೀನುಗಳು ಹವಳವನ್ನು ಕಚ್ಚಿ ತಿನ್ನುತ್ತಿದ್ದವು, ಥೇಟ್ ನಮ್ಮ ಖಡಕ್ ರೊಟ್ಟಿ ಮುರಿದ ಸದ್ದು. ನನ್ನ ನೆರಳು ಬಿದ್ದೊಡನೆ ಬುಟ್ಟಿಯಷ್ಟು ದೊಡ್ಡ ಕಪ್ಪೆಚಿಪ್ಪೊಂದು ನೀಲಿ ತುಟಿಗಳನ್ನು ಒಳಗೆಳೆದುಕೊಂಡಿತು. ಇನ್ನೊಂದು ಮಾತು: ಹಾಲಿನ ಪೇಡೆ ಒಯ್ಯಬೇಡಿ. ಕಾಲುಬಾಯಿ ರೋಗವಿರುವ ದೇಶದ ಹಾಲಿನ ಪದಾರ್ಥವೆಂದು ವಿಮಾನ ನಿಲ್ದಾಣದಲ್ಲಿ ನನ್ನ ಎರಡು ಕಿಲೋ ಎಸೆದರು. ಇಳಿಯುವವರು ತುಂಬುವ ಚೀಟಿಯಲ್ಲಿ ಪೇಡೆಯ ವಿಷಯ ಮೊದಲೇ ಬರೆದಿದ್ದರಿಂದ ದಂಡ ತಪ್ಪಿತು.

ಗುತ್ತಿಗೆದಾರ, ಶಹಾಪುರ
ದೋಣಿ ಹತ್ತಿ ಇಳಿದು ಬಂದರೆ ಆ ನಾಡು ತಿಳಿಯುವುದಿಲ್ಲ. ನಾನು 2019ರ ಜೂನ್‌ನಲ್ಲಿ ಕಾರು ಬಾಡಿಗೆಗೆ ಪಡೆದು ಕೇರ್ನ್ಸ್‌ನಿಂದ ಟೌನ್ಸ್‌ವಿಲ್ ಮಾರ್ಗವಾಗಿ ಒಳನಾಡಿನ ವಿಂಟನ್ ಪಟ್ಟಣದವರೆಗೆ ನಾನೇ ಓಡಿಸಿದೆ. ಐವತ್ತು ಮೀಟರಿಗೂ ಉದ್ದದ ಲಾರಿಗಳು ಎದುರು ಬಂದಾಗ ರಸ್ತೆಯಂಚಿಗೆ ಸರಿದೆ. ವಿಂಟನ್ ಸುತ್ತಲಿನ ಮಣ್ಣು ನಮ್ಮ ಎರೆಭೂಮಿಯಂತೆಯೇ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು. ಅಲ್ಲಿಗೆ ಇನ್ನು ಹತ್ತು ನಿಮಿಷವಿದೆ ಎನ್ನುವಾಗ, ಸಂಜೆ 6.25ಕ್ಕೆ, ಕಾಂಗರೂ ಬಂದು ಬಡಿಯಿತು. ಸೂರ್ಯ ಮುಳುಗಿದ ಮೇಲೆ ಪಟ್ಟಣದ ಹೊರಗೆ ಓಡಿಸಿದರೆ ವಿಮೆ ಇಲ್ಲವೆಂದು ಕರಾರಿನಲ್ಲಿತ್ತು. ದುರಸ್ತಿಗೆ 4,400, ಎಳೆದೊಯ್ಯಲು 380 ಡಾಲರ್, ಅಂದರೆ ಸುಮಾರು 2.3 ಲಕ್ಷ ರೂಪಾಯಿ. ಆದರೂ ಮತ್ತೆ ಹೋಗುವುದಾದರೆ ಕಾರಿನಲ್ಲಿಯೇ ಹೋಗುತ್ತೇನೆ.

ನಿವೃತ್ತ ಬ್ಯಾಂಕ್ ನೌಕರ, ಬೀದರ್
ವಿಂಟನ್ ಮರಳುಗಾಡಲ್ಲ, ಹುಲ್ಲುಗಾವಲು. ಔರಾದ್ ಕಡೆಯ ಹೊಲ ನೋಡಲು ಅಷ್ಟು ದೂರ ಹೋಗಬೇಕಿರಲಿಲ್ಲ. ಇನ್ನು ಶಿಕ್ಷಕಿಯವರು ಹೊಗಳುವ ಹವಳವೂ 2016, 2017, 2020, 2022, 2024ರಲ್ಲಿ ಬಿಳಿಚಿಕೊಂಡಿದೆ. ಸತ್ತ ಹವಳ ನೋಡಲು ಲಕ್ಷಗಟ್ಟಲೆ ಸುರಿಯಿರಿ ಎಂದು ಸಲಹೆ ಕೊಡುವುದು ನ್ಯಾಯವೇ?

ಶಿಕ್ಷಕಿ, ಕಲಬುರಗಿ
ಬಿಳಿಚುವುದಕ್ಕೂ ಸಾಯುವುದಕ್ಕೂ ವ್ಯತ್ಯಾಸವಿದೆ. ನೀರು ಕಾದಾಗ ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಣ್ಣ ಕಳೆದುಕೊಳ್ಳುತ್ತದೆ. ಬೇಗನೆ ನೀರು ತಣಿದರೆ ಆ ಪಾಚಿ ಮರಳಿ ನೆಲೆಸಬಹುದು, ತಣಿಯದಿದ್ದರೆ ಹವಳ ಸಾಯುತ್ತದೆ. 2,300 ಕಿಲೋಮೀಟರ್ ಉದ್ದದ ದಿಬ್ಬ ಎಲ್ಲ ಕಡೆ ಒಂದೇ ಸ್ಥಿತಿಯಲ್ಲಿರುವುದಿಲ್ಲ. ಮಳೆಯಿಂದಾಗಿ ನೀರಿಗೆ ಇಳಿಯದೆಯೇ ಮರಳಿದವರು, ಕಣ್ಣಾರೆ ಕಂಡ ನನ್ನ ಹವಳವನ್ನು ಸತ್ತದ್ದೆನ್ನಬಾರದು. ನನಗೆ ಇದರಿಂದ ನಿಜವಾಗಿಯೂ ಬೇಸರವಾಗಿದೆ.

ಗುತ್ತಿಗೆದಾರ, ಶಹಾಪುರ
ವಿಂಟನ್‌ನ ನೆಲ ಹುಲ್ಲುಗಾವಲೆಂಬುದು ನನಗೂ ಗೊತ್ತು, ಆ ನೆಲದಲ್ಲಿ ಕೈಯಿಟ್ಟು ನೋಡಿದವನು ನಾನು. ಕೆಂಪು ಮರಳಿನ ದಿಣ್ಣೆಗಳು ಬೇಕೆಂದರೆ ಬರ್ಡ್ಸ್‌ವಿಲ್ ಎಂಬ ಊರಿನ ಪಶ್ಚಿಮಕ್ಕಿರುವ ಸಿಂಪ್ಸನ್ ಮರುಭೂಮಿಗೆ ಹೋಗಬೇಕು. ಬೇಸಿಗೆಯ ಬಿಸಿಲಿಗೆ ಹೆದರಿ ಅಲ್ಲಿನ ರಾಷ್ಟ್ರೀಯ ಉದ್ಯಾನವನ್ನು ಪ್ರತಿ ವರ್ಷ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಮುಚ್ಚುತ್ತಾರೆ. ಕೇಳಿದವರು ಹೊರಡುವುದು ಡಿಸೆಂಬರ್‌ನಲ್ಲಿ. ಅವರಿಗೆ ಯಾವ ಮರಳುಗಾಡನ್ನು ತೋರಿಸಬೇಕೆಂದು ಬೀದರ್‌ನವರೇ ಹೇಳಲಿ.