ಅಪ್‌ಡೇಟ್: ಕೊನೆಗೂ 18-140 ಲೆನ್ಸ್ ತಗೊಂಡೆ

ನಿಕಾನ್ ಡಿ5600 ಕ್ಯಾಮೆರಾ ಜೊತೆ 18-55, 70-300 ಮಿ.ಮೀ. ಜೂಮ್ ಲೆನ್ಸ್ ಎರಡೂ ಇವೆ (ಅಂಕಿ ಚಿಕ್ಕದಾದಷ್ಟೂ ಅಗಲ ನೋಟ, ದೊಡ್ಡದಾದಷ್ಟೂ ದೂರದ್ದು ಹತ್ತಿರ), ಬದಲಿಸಿ ಬದಲಿಸಿ ಸಾಕಾಗಿದೆ, ದಿನಬಳಕೆಗೆ ಒಂದೇ 18-140 ಆಗುತ್ತಾ ಅಂತ ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. "ಬೆಳಕು ಕಮ್ಮಿಯಾದ್ರೆ ಕೈಕೊಡುತ್ತೆ" ಅಂದಿದ್ರಿ. ಆದ್ರೂ ಸೆಕೆಂಡ್ ಹ್ಯಾಂಡ್ ಒಂದು ಸಿಕ್ತು, ತಡೆಯೋಕೆ ಆಗ್ಲಿಲ್ಲ.

ಮೊದಲ ಭಾನುವಾರವೇ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದೆ. 18ರಲ್ಲಿ ಹೂವಿನ ಓಣಿ ಪೂರ್ತಿ ಬಂತು. ನಿಂತಲ್ಲೇ 140ಕ್ಕೆ ತಿರುಗಿಸಿದೆ: ಮಲ್ಲಿಗೆ ಮಾರೋ ಅಜ್ಜಿಯ ಕೈ ಮಾತ್ರ. ಮೊಣಕೈಯಿಂದ ಬೆರಳ ತುದಿವರೆಗೆ ಮೊಳ ಅಳೆದು, ಕೊಸರು ಅಂತ ಇನ್ನೊಂದು ಗೇಣು ಸೇರಿಸಿ ಹರಿದು ಕೊಟ್ರು. ಹಳೇ ಕಥೆಯಾಗಿದ್ರೆ ನಾನು ಬ್ಯಾಗ್ ಜಿಪ್ ತೆಗೆಯೋಷ್ಟರಲ್ಲಿ ಹೂವು ಗಿರಾಕಿಯ ಮುಡಿಯಲ್ಲಿ ಇರ್ತಿತ್ತು!

ನೀವು ಹೇಳಿದ್ದೂ ನಿಜವೇ. 140ರಲ್ಲಿ ಅಪರ್ಚರ್ (ಬೆಳಕು ಒಳಬಿಡೋ ಕಿಂಡಿ) ಎಫ್/5.6ಕ್ಕಿಂತ ಹೆಚ್ಚು ತೆರೆಯಲ್ಲ. ಮಾಡಿನ ಕೆಳಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸಿದೆ, ಚಿತ್ರ ಕಾಳು ಕಾಳಾಗಿ ಕಾಣುತ್ತೆ. ಲೆನ್ಸ್‌ನಲ್ಲಿರೋ ವಿಆರ್ (ಅಲುಗಾಟ ತಗ್ಗಿಸೋ ವ್ಯವಸ್ಥೆ) ನನ್ನ ಕೈ ನಡುಕ ತಡೆಯುತ್ತೆ, ಅಜ್ಜಿ ಕೈಯ ವೇಗ ತಡೆಯಲ್ಲ. ಶಟರ್ 1/60 ಸೆಕೆಂಡಿನಲ್ಲಿ ಬೆರಳು ಮಸುಕು, 1/250ರಲ್ಲಿ ಸರಿಯಾಯ್ತು. 18ರಲ್ಲಿ ಕಂಬಗಳು ಹೊಟ್ಟೆ ಉಬ್ಬಿಸಿದ್ವು, ಮೆನುವಿನಲ್ಲಿ ಆ ಬಾಗು ಸರಿಪಡಿಸೋ ಆಟೋ ಡಿಸ್ಟಾರ್ಷನ್ ಕಂಟ್ರೋಲ್ ಆನ್ ಮಾಡ್ದೆ.

18-55 ಮಾರಿಬಿಟ್ಟೆ. ರಂಗನತಿಟ್ಟಿನ ಹಕ್ಕಿಗಳಿಗೆ 140 ಏನೇನೂ ಸಾಲದು, ಹಾಗಾಗಿ 70-300 ಇಟ್ಕೊಂಡಿದ್ದೀನಿ. ಸಂಜೆ ಹೊತ್ತಿಗೆ ಹೆಚ್ಚು ಬೆಳಕು ಒಳಬಿಡೋ 35 ಎಫ್/1.8 ಲೆನ್ಸ್ ತಗೊಳ್ಳಿ ಅಂದವರೇ, ಅದಕ್ಕೂ ದುಡ್ಡು ಕೂಡಿಡ್ತಾ ಇದ್ದೀನಿ. ಮನೆಯಲ್ಲಿ ಇನ್ನೂ ಹೇಳಿಲ್ಲ.