ಥೈರಾಯ್ಡ್ ಮಾತ್ರೆ ಏರಿಸಿದ ಮೇಲೆ ಎದೆ ಢವಢವ: ಗರ್ಭಿಣಿ ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ:
ನನಗೀಗ ಹತ್ತನೇ ವಾರ. ಮೊದಲು ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) 50 ಮೈಕ್ರೋಗ್ರಾಂ ಇತ್ತು, ಗರ್ಭಿಣಿ ಎಂದು ಗೊತ್ತಾದ ಮೇಲೆ 75 ಮಾಡಿದ್ದಾರೆ. ಈಗ ಮೆಟ್ಟಿಲು ಹತ್ತಿದರೆ, ರಾತ್ರಿ ಮಲಗಿದರೆ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ. ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು) 0.3 ಬಂದಿದೆ, ಪಕ್ಕದಲ್ಲಿ ‘ಕಡಿಮೆ’ ಎಂಬ ಗುರುತು. ಡಾಕ್ಟರನ್ನು ಕಾಣುವವರೆಗೆ ಮಾತ್ರೆ ಬಿಡಲೇ?

ಉತ್ತರ 1:
ದಯವಿಟ್ಟು ನೀವಾಗಿಯೇ ಬಿಡಬೇಡಿ. ಮಗುವಿನ ಥೈರಾಯ್ಡ್ ಗ್ರಂಥಿ ಸಾಕಷ್ಟು ಕೆಲಸ ಶುರುಮಾಡಲು ಸುಮಾರು 16ರಿಂದ 20 ವಾರ ಬೇಕು. ಅಲ್ಲಿಯವರೆಗೆ ಅದರ ಮಿದುಳಿನ ಬೆಳವಣಿಗೆಗೆ ಬೇಕಾದ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನು) ತಾಯಿಯಿಂದಲೇ ಹೋಗಬೇಕು. ಅದೂ ಅಲ್ಲದೆ ಈ ಔಷಧ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಇವತ್ತಿನ ಮಾತ್ರೆ ಬಿಟ್ಟರೆ ಇವತ್ತಿನ ಬಡಿತ ತಗ್ಗುವುದಿಲ್ಲ.

0.3 ನೋಡಿ ಗಾಬರಿಯಾಗಬೇಡಿ. ಗರ್ಭದ ಎಚ್‌ಸಿಜಿ ಹಾರ್ಮೋನ್ ಥೈರಾಯ್ಡನ್ನು ತಾನೂ ಸ್ವಲ್ಪ ಪ್ರಚೋದಿಸುತ್ತದೆ, 8ರಿಂದ 11ನೇ ವಾರದಲ್ಲಿ ಅದು ಉಚ್ಚಮಟ್ಟದಲ್ಲಿರುತ್ತದೆ. ಆಗ ಟಿಎಸ್‌ಎಚ್ ಇಳಿಯುವುದು ಸಹಜ. ಲ್ಯಾಬಿನವರು ‘ಕಡಿಮೆ’ ಎಂದು ಬರೆಯುವುದು ಹೆಚ್ಚಾಗಿ ಗರ್ಭಿಣಿಯಲ್ಲದವರ ಮಿತಿಗೆ ಹೋಲಿಸಿ. ಡೋಸ್ ನಿಜವಾಗಿ ಜಾಸ್ತಿಯೇ ಎಂದು ತಿಳಿಯಲು ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಥೈರಾಕ್ಸಿನ್ ಅಳೆಯುವ ಪರೀಕ್ಷೆ) ಬೇಕು. ಅದೂ ಮಿತಿ ಮೀರಿದ್ದು, ಕೈ ನಡುಕ, ವಿಪರೀತ ಬೆವರು ಇದ್ದರೆ ಡಾಕ್ಟರು ಡೋಸ್ ಇಳಿಸಬಹುದು. ಫ್ರೀ ಟಿ4 ಸರಿಯಾಗಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು.

ಉತ್ತರ 2:
ಆ ಬೇರೆ ಕಾರಣಗಳಲ್ಲಿ ಮೊದಲು ನೋಡಬೇಕಾದದ್ದು ರಕ್ತಹೀನತೆ. ಮೊದಲ ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ, ಅದರಿಂದ ಬಡಿತ ಏರಬಹುದು. ವಾಂತಿ ಜಾಸ್ತಿಯಿದ್ದರೆ ನೀರು, ಪೊಟ್ಯಾಸಿಯಂ ಎರಡೂ ಇಳಿಯುತ್ತವೆ. ಕಾಫಿ, ಟೀ ಕೂಡ ಲೆಕ್ಕಕ್ಕೆ ಬರುತ್ತವೆ. ಇನ್ನು ಗರ್ಭದಲ್ಲಿ ನಾಡಿ ನಿಮಿಷಕ್ಕೆ 10ರಿಂದ 20 ಏರುವುದು ಮಾಮೂಲು.

ಐದು ನಿಮಿಷ ಸುಮ್ಮನೆ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು, ಪೂರ್ತಿ 60 ಸೆಕೆಂಡ್ ಎಣಿಸಿ. ಎಣಿಕೆ, ಹೊತ್ತು, ಬಡಿತ ತಾಳ ತಪ್ಪುತ್ತಿದೆಯೇ ಎಂಬುದನ್ನು ಬರೆದಿಡಿ. ಕುಳಿತಿದ್ದಾಗಲೂ 120 ದಾಟಿ ಇಳಿಯದಿದ್ದರೆ, ಎದೆನೋವು, ತಲೆಸುತ್ತಿ ಬೀಳುವುದು, ಉಸಿರು ಕಟ್ಟುವುದು ಇದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ, ಇಸಿಜಿ ಮಾಡಿಸಿ.

ಪ್ರಶ್ನೆ ಕೇಳಿದವರು:
ನಾಡಿ 96 ಇದೆ, ತಾಳ ಸರಿ. ಕಬ್ಬಿಣದ ಮಾತ್ರೆಯನ್ನೂ ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗುತ್ತಿದ್ದೇನೆ, ಪರವಾಗಿಲ್ಲವೇ?

ಉತ್ತರ 1:
ಅದನ್ನು ಬದಲಿಸಬೇಕು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಕ್ಸಿನನ್ನು ಕರುಳಿನಲ್ಲೇ ಹಿಡಿದಿಡುತ್ತವೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ ನೀರಿನ ಜೊತೆ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು, ಕಬ್ಬಿಣ ಕನಿಷ್ಠ ನಾಲ್ಕು ಗಂಟೆ ಬಿಟ್ಟು. ಆದರೆ ಒಂದು ಮಾತು: ಹೀಗೆ ಬೇರ್ಪಡಿಸಿದ ಮೇಲೆ ಅದೇ 75 ಮೊದಲಿಗಿಂತ ಹೆಚ್ಚು ಒಳಗೆ ಸೇರಬಹುದು. ಆದ್ದರಿಂದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಬಡಿತದ ವಿಷಯವನ್ನೂ ಇದನ್ನೂ ಒಟ್ಟಿಗೆ ಹೇಳಿ.

ಉತ್ತರ 2:
ಪರೀಕ್ಷೆಗೆ ರಕ್ತ ಕೊಡುವ ದಿನ ಥೈರಾಯ್ಡ್ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಫ್ರೀ ಟಿ4 ತುಸು ಏರಿ ಕಾಣುತ್ತದೆ. ಕೂದಲು, ಉಗುರಿಗೆಂದು ಬಯೋಟಿನ್ ಎಂಬ ವಿಟಮಿನ್ ತಿನ್ನುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ, ಅದು ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ತೋರಿಸಬಲ್ಲದು. ಮುಂದೆ ಗರ್ಭದ ಅರ್ಧದವರೆಗೆ ಸುಮಾರು ನಾಲ್ಕು ವಾರಕ್ಕೊಮ್ಮೆ, ಆಮೇಲೆ 30ನೇ ವಾರದ ಹೊತ್ತಿಗೆ ಒಮ್ಮೆ ಪರೀಕ್ಷೆ ಇರಲಿ.